ನಮ್ಮದೇ ಹೆಸರಿನ ಮೊದಲಕ್ಷರ ತಗೊಂಡು ಡೊಮೇನ್ ಮಾಡಿದರೆ ಕೇಸ್ ಬೀಳುತ್ತಾ?

ಪ್ರಶ್ನೆ: ನಮ್ಮದು ಕಳಸದ ಹತ್ತಿರ ಸಣ್ಣ ಮನೆ ಉದ್ಯಮ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕಾಫಿಪುಡಿ ಮಾಡಿ ಮಾರುತ್ತೇವೆ. ಹೆಸರು ‘ಕಳಸ ಮಲ್ನಾಡ್ ಫುಡ್ಸ್’. ಜಿಎಸ್‌ಟಿ, ಉದ್ಯಮ್, ಎಫ್‌ಎಸ್‌ಎಸ್‌ಎಐ ಎಲ್ಲಾ ಇದೇ ಹೆಸರಲ್ಲಿದೆ. ಈಗ ವೆಬ್‌ಸೈಟ್ ಮಾಡಿಸಬೇಕು. ಪೂರ್ತಿ ಹೆಸರು ಉದ್ದ, ಇಂಗ್ಲಿಷಲ್ಲಿ ಟೈಪ್ ಮಾಡುವಾಗ ಜನ ತಪ್ಪು ಮಾಡುತ್ತಾರೆ. ಅದಕ್ಕೆ ಮಗ ‘ಕೆಎಂಎಫ್’ ಅಂತ ಮೂರು ಅಕ್ಷರ ತಗೊಂಡು, ಕೊನೆಗೆ ಇನ್ನೊಂದು ಪದ ಸೇರಿಸಿ, ಡಾಟ್ ಇನ್ ಹೆಸರು ಹುಡುಕಿದ್ದಾನೆ. ಖಾಲಿ ಇದೆ, ವರ್ಷಕ್ಕೆ ಏಳುನೂರು ಚಿಲ್ಲರೆ ರೂಪಾಯಿ. ನಮ್ಮದೇ ಹೆಸರಿನ ಮೊದಲಕ್ಷರ ತಾನೇ, ಯಾರು ತಕರಾರು ಮಾಡುತ್ತಾರೆ? ಆದರೂ ಒಮ್ಮೆ ಕೇಳೋಣ ಅನ್ನಿಸಿತು.

ಉತ್ತರ: ಕೇಳಿದ್ದು ಒಳ್ಳೇದಾಯಿತು. ಇನ್ನೂ ದುಡ್ಡು ಕಟ್ಟಿಲ್ಲ ಅಂದರೆ ಕಟ್ಟಬೇಡಿ.

ಮೊದಲು ಒಂದು ಸುಲಭದ ಪರೀಕ್ಷೆ. ಕಳಸದ ಬಸ್‌ಸ್ಟ್ಯಾಂಡಲ್ಲಿ ನಿಂತು ಹತ್ತು ಜನರನ್ನು ‘ಕೆಎಂಎಫ್ ಅಂದ್ರೆ ಏನು’ ಅಂತ ಕೇಳಿ. ಹತ್ತಕ್ಕೆ ಹತ್ತೂ ಜನ ‘ನಂದಿನಿ ಹಾಲು’ ಅಂತಾರೆ. ಒಬ್ಬರೂ ‘ಓ, ಕಳಸ ಮಲ್ನಾಡ್ ಫುಡ್ಸ್ ಅಲ್ವಾ’ ಅನ್ನುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಕರ್ನಾಟಕ ಹಾಲು ಮಹಾಮಂಡಳಿಯ ಬೇರು 1974ರದ್ದು, ಈಗಿನ ಹೆಸರು 1984ರಿಂದ ಇದೆ. ಅಂದರೆ ನಾಲ್ಕು ದಶಕದಿಂದ ಈ ಮೂರು ಅಕ್ಷರ ನಮ್ಮ ರಾಜ್ಯದಲ್ಲಿ ಹಾಲು, ಮೊಸರು, ತುಪ್ಪ, ಪೇಡಕ್ಕೆ ಅಂಟಿಕೊಂಡು ಕೂತಿದೆ. ಅವರ ವೆಬ್‌ಸೈಟ್ ಹೆಸರಿನಲ್ಲೂ ‘ಕೆಎಂಎಫ್ ನಂದಿನಿ’ ಎರಡೂ ಇದೆ. ನೀವು ಮಾರುವುದೂ ತಿನ್ನುವ ಪದಾರ್ಥವೇ.

ನಿಮ್ಮ ಪ್ರಶ್ನೆಯೊಳಗೆ ಒಂದು ನಂಬಿಕೆ ಇದೆ. ಅಕ್ಷರಗಳು ನನ್ನ ಹೆಸರಿನಿಂದಲೇ ಬಂದಿವೆ, ನಾನು ಯಾರದ್ದೂ ಕದ್ದಿಲ್ಲ, ಹಾಗಾಗಿ ಅವು ನನ್ನವು ಅಂತ. ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಜನ ಇದನ್ನೇ ಹೇಳುತ್ತಾರೆ. ಆದರೆ ಅಕ್ಷರಗಳು ಎಲ್ಲಿಂದ ಬಂದವು ಅಂತ ಕಾನೂನು ಮೊದಲು ಕೇಳುವುದಿಲ್ಲ. ಅವು ಗ್ರಾಹಕನ ತಲೆಯಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತವೆ ಅಂತ ಕೇಳುತ್ತದೆ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಡೊಮೇನ್ ಹೆಸರಿನ ಬಗ್ಗೆ ನಮ್ಮ ದೇಶದ ಅತಿ ಮುಖ್ಯ ತೀರ್ಪು ಬಂದಿದ್ದೇ ಮೊದಲಕ್ಷರದ ಜಗಳದಿಂದ, ಅದೂ ಬೆಂಗಳೂರಿನಲ್ಲಿ ಶುರುವಾದ ಜಗಳ. ಸತ್ಯಂ ಇನ್ಫೋವೇ ಅನ್ನುವ ಕಂಪನಿ ತನ್ನ ಹೆಸರಿನ ಅಕ್ಷರಗಳನ್ನು ಹೆಕ್ಕಿ ‘ಸಿಫಿ’ ಅಂತ ಹೊಸ ಪದ ಕಟ್ಟಿತು. 1999ರ ಜೂನ್‌ನಲ್ಲಿ ಸಿಫಿನೆಟ್, ಸಿಫಿಮಾಲ್ ಹೀಗೆ ಕೆಲವು ಡಾಟ್ ಕಾಮ್ ಹೆಸರುಗಳನ್ನು ತೆಗೆದುಕೊಂಡಿತು. ಎರಡು ವರ್ಷದ ಮೇಲೆ ಇನ್ನೊಂದು ಕಂಪನಿ, ಹೆಸರು ಸಿಫಿನೆಟ್ ಸೊಲ್ಯೂಷನ್ಸ್, ಇಂಗ್ಲಿಷಿನಲ್ಲಿ ಒಂದು ‘ಎಫ್’ ಜಾಸ್ತಿ ಹಾಕಿ ಅದೇ ಥರದ ಡೊಮೇನ್ ತೆಗೆದುಕೊಂಡಿತು. ಯಾಕಪ್ಪಾ ಅಂತ ಕೇಳಿದರೆ ಅವರ ಉತ್ತರ ಏನು ಗೊತ್ತಾ? ನಮ್ಮ ಐದು ಜನ ಪ್ರವರ್ತಕರ ಹೆಸರಿನ ಮೊದಲಕ್ಷರ ಕೂಡಿಸಿದ್ದೇವೆ, ಅಷ್ಟೇ. ನಿಮ್ಮ ಮಗ ಹೇಳಿದ ಮಾತೇ.

ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಸತ್ಯಂ ಪರವಾಗಿ ತಡೆಯಾಜ್ಞೆ ಕೊಟ್ಟಿತು. ಕರ್ನಾಟಕ ಹೈಕೋರ್ಟ್ ಅದನ್ನು ತೆಗೆದುಹಾಕಿತು. ಕೊನೆಗೆ 2004ರ ಮೇ 6ರಂದು ಸುಪ್ರೀಂ ಕೋರ್ಟ್ ಹೈಕೋರ್ಟ್ ಆದೇಶವನ್ನು ತಿರುಗಿಸಿ ಸತ್ಯಂ ಪರ ನಿಂತಿತು. ಎರಡು ಹೆಸರು ನೋಡಲೂ ಒಂದೇ ಥರ, ಕೇಳಲೂ ಒಂದೇ ಥರ, ಕೊನೆಗೆ ‘ನೆಟ್’ ಅಂತ ಬಾಲ ಸೇರಿಸಿದರೆ ವ್ಯತ್ಯಾಸ ಆಗುವುದಿಲ್ಲ ಅಂದಿತು. ಐದು ಹೆಸರಿನ ಮೊದಲಕ್ಷರದ ವಿವರಣೆ ಆ ಕಂಪನಿಯನ್ನು ಉಳಿಸಲಿಲ್ಲ. ಈ ತೀರ್ಪಿನಲ್ಲಿ ಇನ್ನೊಂದು ದೊಡ್ಡ ಮಾತಿದೆ. ನಮ್ಮಲ್ಲಿ ಡೊಮೇನ್ ಹೆಸರಿಗೆ ಅಂತಲೇ ಬೇರೆ ಕಾನೂನು ಇಲ್ಲ, ಆದರೂ ಡೊಮೇನ್ ಬರೀ ವಿಳಾಸ ಅಲ್ಲ, ಅದು ವ್ಯಾಪಾರದ ಗುರುತೂ ಹೌದು, ಹಾಗಾಗಿ ಟ್ರೇಡ್‌ಮಾರ್ಕ್‌ನ ನಿಯಮಗಳೇ ಇದಕ್ಕೂ ಅನ್ವಯ ಅಂತ ಕೋರ್ಟ್ ಹೇಳಿತು. ಅಲ್ಲಿಂದ ಇಲ್ಲಿಯವರೆಗೆ ಡೊಮೇನ್ ಜಗಳ ಅಂದರೆ ಎಲ್ಲ ವಕೀಲರೂ ಮೊದಲು ತೆಗೆಯುವುದು ಇದೇ ತೀರ್ಪು.

ಇಲ್ಲಿ ‘ಪಾಸಿಂಗ್ ಆಫ್’ ಅನ್ನುವ ಮಾತು ಬರುತ್ತದೆ. ನನ್ನ ಸರಕನ್ನು ಇನ್ನೊಬ್ಬರ ಸರಕು ಅನ್ನುವ ಹಾಗೆ ಗ್ರಾಹಕರಿಗೆ ದಾಟಿಸುವುದು ಅಂತ ಅರ್ಥ. ಇದಕ್ಕೆ ಎದುರಿನವರ ಹತ್ತಿರ ಟ್ರೇಡ್‌ಮಾರ್ಕ್ ನೋಂದಣಿ ಇರಬೇಕು ಅಂತೇನಿಲ್ಲ. ಮಾರುಕಟ್ಟೆಯಲ್ಲಿ ಹೆಸರು ಸಂಪಾದಿಸಿದ್ದರೆ ಸಾಕು. ಹಾಗಾಗಿ ‘ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯಲ್ಲಿ ಹುಡುಕಿದೆ, ಸಿಗಲಿಲ್ಲ, ನಾನು ಸೇಫ್’ ಅನ್ನುವ ಲೆಕ್ಕ ಅರ್ಧ ಮಾತ್ರ ಸರಿ. ನೋಂದಣಿ ಇದ್ದರೆ ಇನ್ನೂ ಗಟ್ಟಿ: 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 29ನೇ ಕಲಂ ಪ್ರಕಾರ ನೇರ ಉಲ್ಲಂಘನೆಯ ಕೇಸ್ ಹಾಕಬಹುದು. ಆ ಕಾಯ್ದೆಯಲ್ಲಿ ‘ಮಾರ್ಕ್’ ಅಂದರೆ ಏನು ಅನ್ನುವ ಪಟ್ಟಿಯಲ್ಲಿ ಪದ, ಚಿತ್ರದ ಜೊತೆ ‘ಅಕ್ಷರ’, ‘ಅಂಕಿ’ ಅಂತಲೂ ಇದೆ. ಮೂರಕ್ಷರ ಯಾರ ಆಸ್ತಿಯೂ ಅಲ್ಲ ಅಂತ ವಾದ ಮಾಡುವವರಿಗೆ ನಾನು ಆ ಸಾಲು ತೋರಿಸುತ್ತೇನೆ.

ಇಷ್ಟು ಕೇಳಿ ಹೆದರಬೇಡಿ. ಅದೇ ಅಕ್ಷರ ಇಬ್ಬರು ಮೂವರ ಹತ್ತಿರ ಇರುವುದು ತಪ್ಪೇ ಅಂತ ಅಲ್ಲ. ಎಂಟಿಆರ್ ಅಂದರೆ ನಮಗೆ ಮಾವಳ್ಳಿ ಟಿಫನ್ ರೂಮ್ಸ್, 1924ರಿಂದ ಇದೆ, ರವೆ ಇಡ್ಲಿ ನೆನಪಾಗುತ್ತದೆ. ಹಾಂಗ್‌ಕಾಂಗ್‌ನವರಿಗೆ ಎಂಟಿಆರ್ ಅಂದರೆ ಮೆಟ್ರೊ ರೈಲು. ಇಬ್ಬರೂ ಆರಾಮಾಗಿದ್ದಾರೆ, ಯಾಕೆಂದರೆ ರವೆ ಇಡ್ಲಿ ತಿನ್ನಲು ಹೊರಟವರು ಯಾರೂ ತಪ್ಪಿ ಹಾಂಗ್‌ಕಾಂಗ್ ರೈಲು ಹತ್ತುವುದಿಲ್ಲ. ವ್ಯಾಪಾರ ಬೇರೆ, ಊರು ಬೇರೆ, ಗಿರಾಕಿ ಬೇರೆ. ನೀವು ಕಳಸದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟು ಹೆಸರಿನ ಮೊದಲಕ್ಷರ ಕೆಎಂಎಫ್ ಆಗಿದ್ದರೆ ನನ್ನ ಉತ್ತರ ಇಷ್ಟು ಗಡಸಾಗಿ ಇರುತ್ತಿರಲಿಲ್ಲ. ಆಗಲೂ ಪೂರ್ತಿ ನಿಶ್ಚಿಂತೆ ಅಂತ ಹೇಳುವುದಿಲ್ಲ, 29ನೇ ಕಲಂನ ನಾಲ್ಕನೇ ಉಪಕಲಂ ಅಂತ ಒಂದಿದೆ. ದೇಶದಲ್ಲಿ ಹೆಸರುವಾಸಿಯಾದ ನೋಂದಾಯಿತ ಮಾರ್ಕ್ ಆದರೆ ಬೇರೆ ವ್ಯಾಪಾರದಲ್ಲಿ ಬಳಸಿದರೂ ಕೇಳುವ ಹಕ್ಕು ಅವರಿಗಿದೆ. ಆದರೆ ಉಪ್ಪಿನಕಾಯಿ ಮತ್ತು ಹಾಲಿನ ನಡುವೆ ಅಂತರವೇ ಇಲ್ಲ. ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಸರಕು, ಸೇವೆಗಳನ್ನು 45 ವರ್ಗ ಮಾಡಿದ್ದಾರೆ. ಹಾಲು, ಹಾಲಿನ ಉತ್ಪನ್ನ 29ನೇ ವರ್ಗ. ನಿಮ್ಮ ಉಪ್ಪಿನಕಾಯಿಯೂ 29ನೇ ವರ್ಗವೇ. ಕಾಫಿಪುಡಿ ಪಕ್ಕದ 30. ಅಂಗಡಿಯಲ್ಲೂ ಹಾಗೇ ಅಲ್ವಾ, ನಂದಿನಿ ತುಪ್ಪದ ಡಬ್ಬಿಯ ಪಕ್ಕದ ಕಪಾಟಲ್ಲೇ ಉಪ್ಪಿನಕಾಯಿ ಬಾಟಲಿ ಇರುತ್ತೆ.

ಒಂದೇ ವ್ಯಾಪಾರ, ಇಬ್ಬರೂ ಪ್ರಾಮಾಣಿಕರು, ಅಕ್ಷರ ಮಾತ್ರ ಒಂದೇ ಆದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕೆಂಪು ಬಸ್ಸಿಗಿಂತ ಒಳ್ಳೆಯ ಉದಾಹರಣೆ ಬೇಕಾ? ಕೇರಳದ ಸಾರಿಗೆ ನಿಗಮ, ಅಂದರೆ ಕೆಎಸ್‌ಆರ್‌ಟಿಸಿ, 1965ರಲ್ಲಿ ಶುರುವಾಯಿತು. ನಮ್ಮದು 1961ರದ್ದು, ಆದರೆ ಆಗ ಮೈಸೂರು ರಾಜ್ಯ, ಹಾಗಾಗಿ ಹೆಸರು ‘ಎಂ’ನಿಂದ ಶುರು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆದಮೇಲೆ ನಮ್ಮದೂ ಕೆಎಸ್‌ಆರ್‌ಟಿಸಿ ಆಯಿತು. ಬಸ್ಸಿನ ಮೇಲೆ ಬರೆದಿದ್ದಾಗ ಯಾರಿಗೂ ತೊಂದರೆ ಇರಲಿಲ್ಲ. ಬಸ್ ನೋಡಿದರೆ ಗೊತ್ತಾಗುತ್ತೆ, ಲಿಪಿ ನೋಡಿದರೆ ಗೊತ್ತಾಗುತ್ತೆ. ಆನ್‌ಲೈನ್ ಟಿಕೆಟ್ ಬಂದಮೇಲೆ ಕಥೆ ಬದಲಾಯಿತು. ಬ್ರೌಸರ್‌ನ ಉದ್ದ ಡಬ್ಬಿಯಲ್ಲಿ ಬಣ್ಣ ಇಲ್ಲ, ಲಿಪಿ ಇಲ್ಲ, ಬೋರ್ಡ್ ಇಲ್ಲ, ಬರೀ ಅಕ್ಷರ. ಅಲ್ಲಿ ‘ಕೆಎಸ್‌ಆರ್‌ಟಿಸಿ ಡಾಟ್ ಇನ್’ ಅಂತ ಹೊಡೆದರೆ ತೆರೆದುಕೊಳ್ಳುವುದು ಕರ್ನಾಟಕದ್ದು. ಕೇರಳದವರು ‘ಕೇರಳಆರ್‌ಟಿಸಿ ಡಾಟ್ ಕಾಮ್’ ಅಂತ ಬೇರೆ ಹೆಸರು ಇಟ್ಟುಕೊಳ್ಳಬೇಕಾಯಿತು.

ಕರ್ನಾಟಕ 2013ರಲ್ಲಿ ಆ ಅಕ್ಷರಗಳಿಗೆ ಮತ್ತು ಗಂಡಭೇರುಂಡದ ಗುರುತಿಗೆ ನೋಂದಣಿ ಪಡೆಯಿತು. ಕೇರಳ ಅದನ್ನು ರದ್ದು ಮಾಡಿ ಅಂತ, ಟ್ರೇಡ್‌ಮಾರ್ಕ್ ಜಗಳ ಕೇಳುತ್ತಿದ್ದ ಚೆನ್ನೈನ ಮೇಲ್ಮನವಿ ಮಂಡಳಿಗೆ ಹೋಯಿತು. 2021ರಲ್ಲಿ ಆ ಮಂಡಳಿಯನ್ನೇ ಕೇಂದ್ರ ಸರ್ಕಾರ ಮುಚ್ಚಿತು. ಅದೇ ವರ್ಷ ‘ಇನ್ನು ಮುಂದೆ ಕರ್ನಾಟಕ ಆ ಹೆಸರು ಬಳಸುವ ಹಾಗಿಲ್ಲ’ ಅಂತ ವಾಟ್ಸಾಪಲ್ಲಿ ಹರಿದಾಡಿತ್ತು, ನೆನಪಿದೆಯಾ? ಅಂಥ ಆದೇಶ ಯಾವುದೂ ಬಂದಿರಲಿಲ್ಲ. ಕೇಸ್ ಮದ್ರಾಸ್ ಹೈಕೋರ್ಟಿಗೆ ಹೋಯಿತು, 2023ರ ಡಿಸೆಂಬರ್‌ನಲ್ಲಿ ಕೇರಳದ ಅರ್ಜಿ ವಜಾ ಆಯಿತು. ಎರಡು ಸರ್ಕಾರಿ ನಿಗಮಗಳು, ಎರಡಕ್ಕೂ ದಶಕಗಳ ಇತಿಹಾಸ, ವಕೀಲರಿಗೆ ಕೊಡಲು ಬೊಕ್ಕಸ ಇದೆ. ನಿಮಗೆ ಈ ಮೂರರಲ್ಲಿ ಯಾವುದಿದೆ ಅಂತ ನಾನು ಕೇಳುವುದಿಲ್ಲ.

ಈಗ ‘ಖಾಲಿ ಇದೆ’ ಅನ್ನುವ ಮಾತಿಗೆ ಬರೋಣ. ರಿಜಿಸ್ಟ್ರಾರ್, ಅಂದರೆ ಡೊಮೇನ್ ಮಾರುವ ಕಂಪನಿಯ ವೆಬ್‌ಸೈಟಲ್ಲಿ ಹಸಿರು ಟಿಕ್ ಬಂದರೆ ಆ ಅಕ್ಷರಗಳ ಸಾಲನ್ನು ಇನ್ನೂ ಯಾರೂ ಬಾಡಿಗೆಗೆ ಹಿಡಿದಿಲ್ಲ ಅಂತ ಅರ್ಥ, ಅಷ್ಟೇ. ಕಂಪ್ಯೂಟರ್ ಪಟ್ಟಿ ನೋಡಿ ಹೇಳುತ್ತದೆ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯನ್ನು ಅದು ತೆರೆದೇ ಇರುವುದಿಲ್ಲ. 2022ರಲ್ಲಿ ಆನ್‌ಲೈನ್ ಅಂಗಡಿ ಸ್ನ್ಯಾಪ್‌ಡೀಲ್ ಮತ್ತು ಡೊಮೇನ್ ಮಾರುವ ಗೋಡ್ಯಾಡಿ ನಡುವಿನ ಕೇಸಲ್ಲಿ ದೆಹಲಿ ಹೈಕೋರ್ಟ್ ಇದೇ ಚಾಳಿಯನ್ನು ಪ್ರಶ್ನೆ ಮಾಡಿತು, ಬೇರೆಯವರ ಬ್ರ್ಯಾಂಡ್ ಸೇರಿಸಿ ಪರ್ಯಾಯ ಹೆಸರುಗಳನ್ನು ತೋರಿಸಿ ಮಾರುತ್ತೀರಿ, ನಿಮಗೂ ಜವಾಬ್ದಾರಿ ಇದೆ ಅಂತ. ಅದು ರಿಜಿಸ್ಟ್ರಾರ್ ಪಾಡು. ಕೊಂಡವರ ತಲೆನೋವು ಕೊಂಡವರಿಗೇ. ನೀವು ಒಪ್ಪಿಗೆ ಅಂತ ಒತ್ತುವ ಆ ಉದ್ದ ಒಪ್ಪಂದದಲ್ಲೇ, ‘ನಾನು ತೆಗೆದುಕೊಳ್ಳುವ ಹೆಸರು ಬೇರೆಯವರ ಹಕ್ಕಿಗೆ ಧಕ್ಕೆ ತರುವುದಿಲ್ಲ’ ಅನ್ನುವ ಮಾತು ನಿಮ್ಮ ಬಾಯಲ್ಲೇ ಹೇಳಿಸಿರುತ್ತಾರೆ.

ಜಿಎಸ್‌ಟಿ, ಉದ್ಯಮ್, ಎಫ್‌ಎಸ್‌ಎಸ್‌ಎಐ ಕಾಗದಗಳೂ ಅಷ್ಟೇ. ಅವು ತೆರಿಗೆಗೆ, ಸಾಲಕ್ಕೆ, ಆಹಾರ ಸುರಕ್ಷತೆಗೆ. ಬ್ರ್ಯಾಂಡ್ ಮೇಲೆ ಹಕ್ಕು ಕೊಡುವುದಿಲ್ಲ. ಆದರೆ ಇಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತವೆ, ಹೇಗೆ ಅಂತ ಹೇಳುತ್ತೇನೆ.

ಡೊಮೇನ್ ಜಗಳ ಕೋರ್ಟಿಗೇ ಹೋಗಬೇಕು ಅಂತಿಲ್ಲ. ಡಾಟ್ ಕಾಮ್‌ಗೆ 1999ರಿಂದ, ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಯುಡಿಆರ್‌ಪಿ ಅನ್ನುವ, ಮಧ್ಯಸ್ಥರ ಮೂಲಕ ಜಗಳ ತೀರಿಸುವ ನೀತಿ ಇದೆ. ಡಾಟ್ ಇನ್‌ಗೆ ಆ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಅಂಥದ್ದೇ ನೀತಿ ಐಎನ್‌ಡಿಆರ್‌ಪಿ ಇದೆ. ಎರಡರಲ್ಲೂ ದೂರು ಕೊಟ್ಟವರು ಮೂರು ವಿಷಯ ಸಾಬೀತು ಮಾಡಬೇಕು. ನಿಮ್ಮ ಡೊಮೇನ್ ಅವರ ಮಾರ್ಕಿನ ಹಾಗೇ ಇದೆ ಅಥವಾ ಗೊಂದಲ ಆಗುವಷ್ಟು ಹತ್ತಿರ ಇದೆ. ಆ ಹೆಸರಿನ ಮೇಲೆ ನಿಮಗೆ ನ್ಯಾಯವಾದ ಆಸಕ್ತಿ ಇಲ್ಲ. ನೀವು ಕೆಟ್ಟ ಉದ್ದೇಶದಿಂದ ಮಾಡಿದ್ದೀರಿ. ಈ ಮೂರನೆಯದರಲ್ಲಿ ಒಂದು ಸಣ್ಣ ಪದದ ವ್ಯತ್ಯಾಸ ಇದೆ, ಬಹಳ ಜನ ಗಮನಿಸುವುದಿಲ್ಲ. ಡಾಟ್ ಕಾಮ್‌ನಲ್ಲಿ ಕೆಟ್ಟ ಉದ್ದೇಶದಿಂದ ತೆಗೆದುಕೊಂಡಿರಬೇಕು ‘ಮತ್ತು’ ಬಳಸುತ್ತಿರಬೇಕು. ಡಾಟ್ ಇನ್‌ನಲ್ಲಿ ತೆಗೆದುಕೊಂಡಿರಬೇಕು ‘ಅಥವಾ’ ಬಳಸುತ್ತಿರಬೇಕು.

‘ಮತ್ತು’ ಎಲ್ಲಿ, ‘ಅಥವಾ’ ಎಲ್ಲಿ ಅಂತ ನೋಡಿದರೆ ಎಷ್ಟು ವ್ಯತ್ಯಾಸ ಗೊತ್ತಾ? 2005ರಲ್ಲಿ ಒಬ್ಬರು ನಾಲ್ಕಕ್ಷರದ ಡಾಟ್ ಕಾಮ್ ತಗೊಂಡರು ಅಂದುಕೊಳ್ಳಿ. 2015ರಲ್ಲಿ ಅದೇ ಅಕ್ಷರದ ಕಂಪನಿ ಹುಟ್ಟಿ ಹೆಸರು ಮಾಡಿತು. ತೆಗೆದುಕೊಳ್ಳುವಾಗ ಆ ಕಂಪನಿಯೇ ಇರಲಿಲ್ಲ, ಕೆಟ್ಟ ಉದ್ದೇಶ ಎಲ್ಲಿಂದ ಬರಬೇಕು? ಸಾಮಾನ್ಯವಾಗಿ ಅವರು ಬಚಾವ್. ಅದೇ ಡಾಟ್ ಇನ್ ಆಗಿದ್ದರೆ, ಒಳ್ಳೆ ಮನಸ್ಸಿನಿಂದ ತೆಗೆದುಕೊಂಡರೂ ನಂತರ ಆ ಕಂಪನಿಯ ಗಿರಾಕಿಗಳನ್ನು ಸೆಳೆಯುವ ಹಾಗೆ ಬಳಸಿದರೆ ಸಾಕು, ಸಿಕ್ಕಿಬೀಳುತ್ತಾರೆ. ಇನ್ನೊಂದು ವಿಷಯ: ಅದೇ ಮಾಲೀಕರು ವರ್ಷವರ್ಷ ನವೀಕರಿಸಿದರೆ ಹೊಸದಾಗಿ ತೆಗೆದುಕೊಂಡ ಹಾಗಲ್ಲ. ಆದರೆ ಬೇರೆಯವರಿಂದ ಹಳೇ ಡೊಮೇನ್ ಕೊಂಡರೆ ನಿಮ್ಮ ಲೆಕ್ಕ ಕೊಂಡ ದಿನದಿಂದ ಶುರು. ‘ಈ ಡೊಮೇನ್ 2001ರದ್ದು ಸಾರ್, ಹಳೇ ಮಾಲು’ ಅಂತ ದಲ್ಲಾಳಿಗಳು ಮಾರುತ್ತಾರಲ್ಲ, ಆ ಹಳೆತನ ನಿಮಗೆ ಸಿಗುವುದಿಲ್ಲ.

ಅಂದಹಾಗೆ ಮೂರಕ್ಷರದ ಡಾಟ್ ಕಾಮ್ ಬೇಕು ಅಂತ ಆಸೆ ಇದ್ದರೆ ಈಗಲೇ ಬಿಡಿ. 26 ಅಕ್ಷರದಲ್ಲಿ ಮೂರು ಜೋಡಿಸಿದರೆ ಒಟ್ಟು 17,576 ಹೆಸರು ಮಾತ್ರ ಸಾಧ್ಯ. ಎಲ್ಲಾ ಯಾವತ್ತೋ ಹೋಗಿವೆ. ಅದಕ್ಕೇ ಎಲ್ಲರೂ ನಿಮ್ಮ ಮಗನ ಹಾಗೆ ಕೊನೆಗೆ ಒಂದು ಪದ ಸೇರಿಸುವುದು. ಸೇರಿಸಿದ ಪದ ಕಾಪಾಡುತ್ತದೆ ಅಂತ ನಂಬಿಕೆ. ಎಷ್ಟೋ ಸಲ ಆಗುವುದು ಉಲ್ಟಾ. ಆಸ್ಟ್ರೇಲಿಯಾದ ಒಂದು ಕಂಪನಿ ‘ಎಸ್‌ಬಿಐಕಾರ್ಡ್ಸ್ ಡಾಟ್ ಕಾಮ್’ ಇಟ್ಟುಕೊಂಡಿತ್ತು. 2005ರಲ್ಲಿ ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆಯಾದ ವೈಪೊ ಮಧ್ಯಸ್ಥಿಕೆಯಲ್ಲಿ ಅದು ಸ್ಟೇಟ್ ಬ್ಯಾಂಕಿನ ಕಾರ್ಡ್ ಕಂಪನಿಗೆ ಹೋಯಿತು. ಬರೀ ಎಸ್‌ಬಿಐ ಆಗಿದ್ದರೆ ನೂರು ಅರ್ಥ ಹೇಳಬಹುದಿತ್ತು. ‘ಕಾರ್ಡ್ಸ್’ ಸೇರಿದ ಕೂಡಲೇ ಒಂದೇ ಅರ್ಥ ಉಳಿಯಿತು. ನಿಮ್ಮ ಮಗ ಸೇರಿಸಿದ ಪದ ಯಾವುದು ಅಂತ ನೀವು ಬರೆದಿಲ್ಲ. ‘ಫ್ರೆಶ್’, ‘ಶಾಪ್’, ‘ಫುಡ್ಸ್’ ಥರದ್ದು ಆಗಿದ್ದರೆ ನಿಮ್ಮದೂ ಅದೇ ಕಥೆ.

ಇಂಗ್ಲಿಷ್ ಬಿಟ್ಟು ಕನ್ನಡ ಲಿಪಿಯಲ್ಲಿ ‘ಡಾಟ್ ಭಾರತ’ ಹೆಸರು ತಗೊಂಡರೆ ತಪ್ಪಿಸಿಕೊಳ್ಳಬಹುದಾ ಅಂತ ಒಬ್ಬರು ಕೇಳಿದ್ದರು. ಇಲ್ಲ. ಲಿಪಿ ಬದಲಾದರೆ ಉಚ್ಚಾರ ಬದಲಾಗಲ್ಲವಲ್ಲ. ಬಾಯಲ್ಲಿ ಆಡಿದರೂ ಪದದ ಮಾರ್ಕಿನ ಉಲ್ಲಂಘನೆ ಆಗಬಹುದು ಅಂತ 29ನೇ ಕಲಂನ ಒಂಬತ್ತನೇ ಉಪಕಲಂ ಹೇಳುತ್ತದೆ.

ಕೆಟ್ಟ ಉದ್ದೇಶ ಅಂದರೆ ನಿಮಗೆ ಯಾರೋ ದೊಡ್ಡ ಮೋಸಗಾರರ ಚಿತ್ರ ಕಣ್ಣ ಮುಂದೆ ಬರಬಹುದು. ನಾನು ನೋಡಿದ ಫೈಲುಗಳಲ್ಲಿ ಬಹುಪಾಲು ಜನ ಪೆದ್ದುತನದಿಂದ ಸಿಕ್ಕಿಬಿದ್ದವರು. ಡೊಮೇನ್ ತೆಗೆದುಕೊಂಡು ಸೈಟ್ ಮಾಡಿಸದೆ ಹಾಗೇ ಬಿಡುತ್ತಾರೆ. ರಿಜಿಸ್ಟ್ರಾರ್ ಅದರ ಮೇಲೆ ತಾನೇ ಜಾಹೀರಾತು ಹಾಕುತ್ತದೆ. ಅಕ್ಷರ ನೋಡಿ ಯಂತ್ರ ಜಾಹೀರಾತು ಆರಿಸುತ್ತದೆ, ಹಾಲಿನ ಕಂಪನಿಯ ಅಕ್ಷರ ಆದರೆ ಹಾಲು, ತುಪ್ಪದ ಜಾಹೀರಾತೇ ಬರುತ್ತದೆ. ಎದುರು ಪಾರ್ಟಿ ಅದರ ಸ್ಕ್ರೀನ್‌ಶಾಟ್ ತೆಗೆದು ದೂರಿಗೆ ಅಂಟಿಸುತ್ತದೆ. ‘ಅದು ನಾನು ಹಾಕಿದ್ದಲ್ಲ’ ಅಂದರೆ ಮಧ್ಯಸ್ಥಗಾರರು ಒಪ್ಪುವುದಿಲ್ಲ. ನಿಮ್ಮ ಹೆಸರು, ನಿಮ್ಮ ಜವಾಬ್ದಾರಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕಂಪನಿಯಿಂದ ಯಾರೋ ನಯವಾಗಿ ಇಮೇಲ್ ಮಾಡುತ್ತಾರೆ, ಈ ಹೆಸರು ನಮಗೆ ಬಿಟ್ಟುಕೊಡುತ್ತೀರಾ, ಎಷ್ಟು ಬೇಕು? ನಮ್ಮವರಿಗೆ ತಕ್ಷಣ ಲಾಟರಿ ಹೊಡೆದ ಖುಷಿ. ‘ಐದು ಲಕ್ಷ ಕೊಡಿ’ ಅಂತ ಉತ್ತರ ಬರೆದುಬಿಡುತ್ತಾರೆ. ಹೆಸರಿಗೆ ಮಾಡಿದ ಖರ್ಚಿಗಿಂತ ಜಾಸ್ತಿ ದುಡ್ಡಿಗೆ ಮಾರ್ಕಿನ ಮಾಲೀಕರಿಗೇ ಮಾರುವ ಉದ್ದೇಶದಿಂದ ಹೆಸರು ತೆಗೆದುಕೊಂಡಿರುವುದು ಕೆಟ್ಟ ಉದ್ದೇಶದ ಗುರುತು ಅಂತ ನೀತಿಯಲ್ಲೇ ಬರೆದಿದೆ. ಆ ಉದ್ದೇಶಕ್ಕೆ ಸಾಕ್ಷಿಯಾಗಿ ನಿಮ್ಮ ಇಮೇಲನ್ನೇ ಮುಂದಿಡುತ್ತಾರೆ. ಅಂಥ ಇಮೇಲ್ ಬಂದರೆ ಆ ರಾತ್ರಿ ಉತ್ತರ ಬರೆಯಬೇಡಿ, ಮೊಬೈಲ್ ಕೆಳಗಿಟ್ಟು ಮಲಗಿ, ಮರುದಿನ ವಕೀಲರಿಗೆ ತೋರಿಸಿ.

ಯುಡಿಆರ್‌ಪಿ ದೂರು ಬಂದರೆ ಉತ್ತರ ಕೊಡಲು 20 ದಿನ. ಅಲ್ಲಿ ದಂಡ ಇಲ್ಲ, ಪರಿಹಾರ ಇಲ್ಲ, ಹೆಸರು ಹೋಗುತ್ತದೆ ಅಥವಾ ಉಳಿಯುತ್ತದೆ, ಅಷ್ಟೇ. ವೈಪೊದಲ್ಲಿ ಒಬ್ಬ ಮಧ್ಯಸ್ಥರ ಶುಲ್ಕ 1,500 ಡಾಲರ್, ಕೊಡಬೇಕಾದವರು ದೂರುದಾರರು. ಕೋರ್ಟ್ ಆದರೆ ಹಾಗಲ್ಲ. ತಡೆಯಾಜ್ಞೆ, ನಷ್ಟ ಪರಿಹಾರ, ವಕೀಲರ ಫೀಸು, ಕೆಲವು ಸಲ ನಿಮಗೆ ಗೊತ್ತಾಗುವ ಮೊದಲೇ ಏಕಪಕ್ಷೀಯ ಆದೇಶ. ಯುಡಿಆರ್‌ಪಿಯಲ್ಲಿ ನಿಮ್ಮ ಪರವಾಗಿ ನಿಲ್ಲುವ ವಾದ ಯಾವುದು ಅಂದರೆ, ಜಗಳದ ಸುದ್ದಿ ಬರುವ ಮೊದಲೇ ನಾನು ಈ ಹೆಸರಲ್ಲಿ ನಿಜವಾದ ವ್ಯಾಪಾರ ಮಾಡುತ್ತಿದ್ದೆ, ಜನ ನನ್ನನ್ನು ಈ ಹೆಸರಿನಿಂದ ಗುರುತಿಸುತ್ತಿದ್ದರು ಅನ್ನುವುದು. ಅಲ್ಲಿಗೆ ಹಳೇ ಬಿಲ್ ಪುಸ್ತಕ, ಎಫ್‌ಎಸ್‌ಎಸ್‌ಎಐನ 14 ಅಂಕಿ ಇರುವ ಹಳೇ ಲೇಬಲ್, ಜಾತ್ರೆಯಲ್ಲಿ ಹಾಕಿದ ಮಳಿಗೆಯ ಫೋಟೊ ಎಲ್ಲಾ ಬೇಕಾಗುತ್ತದೆ. ಆದರೆ ಗಮನಿಸಿ, ನಿಮ್ಮ ಬಿಲ್ಲಲ್ಲಿ ಇರುವುದು ‘ಕಳಸ ಮಲ್ನಾಡ್ ಫುಡ್ಸ್’. ‘ಕೆಎಂಎಫ್’ ಅಂತ ಎಲ್ಲೂ ಇಲ್ಲ. ಪೂರ್ತಿ ಹೆಸರಿನ ಬಳಕೆ ಮೊದಲಕ್ಷರದ ಬಳಕೆಗೆ ಸಾಕ್ಷಿ ಆಗುವುದಿಲ್ಲ. ನಿಮ್ಮ ಊರಿನವರೇ ನಿಮ್ಮನ್ನು ಆ ಮೂರಕ್ಷರದಿಂದ ಕರೆಯುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತನ್ನು ಜನ ತಾವಾಗಿಯೇ ‘ಕಸಾಪ’ ಮಾಡಿಕೊಂಡರು ನೋಡಿ, ಹಾಗೆ ಜನರ ಬಾಯಿಂದ ಬಂದರೆ ಆ ಮಾತು ಬೇರೆ.

ಡೊಮೇನ್ ಹೋದರೆ ಹೋಗಲಿ ಬಿಡಿ, ಏಳುನೂರು ರೂಪಾಯಿ ತಾನೇ ಅನ್ನುವವರೂ ಇದ್ದಾರೆ. ಅವರಿಗೆ ನನ್ನ ಒಬ್ಬ ಕಕ್ಷಿದಾರರ ಕಥೆ ಹೇಳುತ್ತೇನೆ. ತಾಲ್ಲೂಕು ಕೇಂದ್ರದಲ್ಲಿ ತರಬೇತಿ ಕೇಂದ್ರ ನಡೆಸುತ್ತಿದ್ದರು, ಅದರ ಹೆಸರು ನಾಲ್ಕು ಮೊದಲಕ್ಷರ ಸೇರಿಸಿ ಮಾಡಿದ್ದು. ಮೂರು ವರ್ಷ ಆದಮೇಲೆ ನೋಟಿಸ್ ಬಂತು, ಬೇರೆ ಊರಿನಲ್ಲಿ ಅದೇ ಅಕ್ಷರದ ಹಳೇ ಸಂಸ್ಥೆ ಇತ್ತು. ಬೋರ್ಡ್ ಬದಲಾಯಿಸಿದರು, ಬ್ಯಾಗು, ಐಡಿ ಕಾರ್ಡು ಹೊಸದು ಮಾಡಿಸಿದರು, ಅದೆಲ್ಲಾ ಅಂದಾಜಿಸಿದ್ದೇ. ಅಂದಾಜಿಸದೇ ಇದ್ದಿದ್ದು ಇಮೇಲ್. ಬ್ಯಾಂಕ್ ಖಾತೆ, ಜಿಎಸ್‌ಟಿ, ಆದಾಯ ತೆರಿಗೆ, ಎಲ್ಲದಕ್ಕೂ ಅದೇ ಡೊಮೇನಿನ ಇಮೇಲ್ ಕೊಟ್ಟಿದ್ದರು. ಹೆಸರು ಎದುರಿನವರ ಕೈಗೆ ಹೋದ ದಿನ ಓಟಿಪಿ ಬರುವ ವಿಳಾಸವೂ ಹೋಯಿತು. ಎರಡು ವಾರ ಅವರು ಒಂದೊಂದು ಕೌಂಟರ್ ಮುಂದೆ ನಿಂತು ಅರ್ಜಿ ಬರೆದುಕೊಟ್ಟಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ನೋಟಿಸ್ ಬಂದಾಗ ಹೆದರಿ ಏನು ಬೇಕಾದರೂ ಬರೆದುಕೊಡುವುದೂ ಅಪಾಯ. ಇದಕ್ಕೆ ಜಗತ್ತಿಗೇ ಗೊತ್ತಿರುವ ಉದಾಹರಣೆ ಡಬ್ಲ್ಯುಡಬ್ಲ್ಯುಎಫ್. ಪಾಂಡಾ ಚಿತ್ರದ ವನ್ಯಜೀವಿ ನಿಧಿ 1961ರದ್ದು. ನಾವು ಟೀವಿಯಲ್ಲಿ ನೋಡುತ್ತಿದ್ದ ಕುಸ್ತಿಯವರೂ ಅದೇ ಅಕ್ಷರ ಇಟ್ಟುಕೊಂಡಿದ್ದರು. ಕುಸ್ತಿಗೂ ಪಾಂಡಾಗೂ ಏನು ಸಂಬಂಧ, ಯಾರು ಗೊಂದಲ ಆಗುತ್ತಾರೆ ಅಂತ ನಿಮಗೆ ಅನ್ನಿಸಬಹುದು. ಸರಿಯೇ. ಆದರೆ ಕುಸ್ತಿಯವರು 1994ರಲ್ಲಿ ಒಂದು ಒಪ್ಪಂದಕ್ಕೆ ಸಹಿ ಮಾಡಿದ್ದರು, ಆ ಅಕ್ಷರಗಳ ಬಳಕೆಗೆ ಮಿತಿ ಹಾಕಿಕೊಂಡು. ಆಮೇಲೆ ಇಂಟರ್ನೆಟ್ ಬಂತು, ಡಬ್ಲ್ಯುಡಬ್ಲ್ಯುಎಫ್ ಡಾಟ್ ಕಾಮ್ ಅಂತ ಅವರು ಸೈಟ್ ಮಾಡಿದರು. ಪಾಂಡಾದವರು ಲಂಡನ್ನಿನಲ್ಲಿ ಕೇಸ್ ಹಾಕಿದರು, 2001ರಲ್ಲಿ ಗೆದ್ದರು, 2002ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಕುಸ್ತಿಯವರು ‘ಎಫ್’ ತೆಗೆದು ‘ಇ’ ಹಾಕಿಕೊಂಡರು. ಅವರನ್ನು ಸೋಲಿಸಿದ್ದು ಗೊಂದಲ ಅಲ್ಲ, ಅವರೇ ಮಾಡಿದ ಸಹಿ. ತಮಾಷೆ ಏನಂದರೆ ವೈಪೊದಲ್ಲಿ ಯುಡಿಆರ್‌ಪಿ ಅಡಿಯಲ್ಲಿ ದಾಖಲಾದ ಮೊಟ್ಟಮೊದಲ ದೂರು ಇದೇ ಕುಸ್ತಿಯವರದ್ದು, ತಮ್ಮ ಪೂರ್ತಿ ಹೆಸರಿನ ಡೊಮೇನನ್ನು ಬೇರೆ ಯಾರೋ ಹಿಡಿದಿಟ್ಟಿದ್ದಾರೆ ಅಂತ. ಅದರಲ್ಲಿ ಅವರು ಗೆದ್ದರು.

ನೋಟಿಸ್ ಕಳಿಸಿದವರೆಲ್ಲರೂ ಸರಿ ಅಂತಲೂ ಅಲ್ಲ. ಹುರುಳಿಲ್ಲದ ಬೆದರಿಕೆ ಹಾಕಿದರೆ ಅದರ ವಿರುದ್ಧ ನೀವೇ ಕೋರ್ಟಿಗೆ ಹೋಗಲು 142ನೇ ಕಲಂ ಅವಕಾಶ ಕೊಡುತ್ತದೆ. ಅವರಿಗಿಂತ ಮೊದಲಿನಿಂದ ನೀವು ಬಳಸುತ್ತಿದ್ದರೆ 34ನೇ ಕಲಂ ನಿಮ್ಮನ್ನು ಕಾಪಾಡುತ್ತದೆ. ನಿಮ್ಮ ಸಂದರ್ಭದಲ್ಲಿ ಮಾತ್ರ ಎರಡೂ ಕೆಲಸಕ್ಕೆ ಬರುವುದಿಲ್ಲ, ಅವರು ನಿಮಗಿಂತ ಎಷ್ಟೋ ಮೊದಲಿನವರು.

ಹಾಗಾದರೆ ಏನು ಮಾಡಬೇಕು? ಇವತ್ತು ರಾತ್ರಿ ಊಟ ಆದಮೇಲೆ ಮಗನನ್ನು ಕೂರಿಸಿಕೊಂಡು ಕೇಂದ್ರ ಸರ್ಕಾರದ ಐಪಿ ಇಂಡಿಯಾ ವೆಬ್‌ಸೈಟಿನ ಟ್ರೇಡ್‌ಮಾರ್ಕ್ ಸಾರ್ವಜನಿಕ ಹುಡುಕಾಟ ತೆರೆಯಿರಿ. ದುಡ್ಡಿಲ್ಲ. ಪದದಿಂದ ಹುಡುಕುವುದು, ಉಚ್ಚಾರದಿಂದ ಹುಡುಕುವುದು, ಚಿತ್ರದ ಸಂಕೇತದಿಂದ ಹುಡುಕುವುದು ಅಂತ ಮೂರು ದಾರಿ ಇದೆ. ಮೊದಲ ಎರಡನ್ನೂ ಮಾಡಿ. ವರ್ಗ 29, 30, ಜೊತೆಗೆ 35 ಹಾಕಿ, ಆನ್‌ಲೈನ್ ಮಾರಾಟ ಅಲ್ಲಿ ಬರುತ್ತದೆ. ಉಚ್ಚಾರದ ಹುಡುಕಾಟ ಬಿಟ್ಟವರೇ ಜಾಸ್ತಿ ಸಿಕ್ಕಿಬೀಳುವುದು. ಫಲಿತಾಂಶದಲ್ಲಿ ಪ್ರತಿಯೊಂದರ ಮುಂದೆ ಸ್ಥಿತಿ ಬರೆದಿರುತ್ತದೆ. ‘ರಿಜಿಸ್ಟರ್ಡ್’ ಇದ್ದರೆ ಆ ಕಡೆ ಹೋಗಬೇಡಿ. ‘ಅಬ್ಜೆಕ್ಟೆಡ್’ ಅಥವಾ ‘ಅಪೋಸ್ಡ್’ ಇದ್ದರೆ ಇನ್ನೂ ಜಗಳ ನಡೆಯುತ್ತಿದೆ ಅಂತ, ಸತ್ತಿದೆ ಅಂತ ಅಲ್ಲ. ‘ಅಬ್ಯಾಂಡನ್ಡ್’ ಇದ್ದರೂ ತಕ್ಷಣ ಕುಣಿಯಬೇಡಿ, ಅರ್ಜಿ ಬಿಟ್ಟವರು ವ್ಯಾಪಾರ ಬಿಟ್ಟಿರಬೇಕು ಅಂತೇನಿಲ್ಲ, ಪಾಸಿಂಗ್ ಆಫ್ ನೆನಪಿಸಿಕೊಳ್ಳಿ. ಆಮೇಲೆ ಗೂಗಲ್, ಅಮೆಜಾನ್, ಇನ್‌ಸ್ಟಾಗ್ರಾಮ್ ಮೂರರಲ್ಲೂ ಅದೇ ಅಕ್ಷರ ಹೊಡೆದು ನೋಡಿ. ಹಳೇ ಡೊಮೇನ್ ಆದರೆ, ಹಳೇ ವೆಬ್‌ಪುಟಗಳನ್ನು ಕೂಡಿಟ್ಟಿರುವ ವೇಬ್ಯಾಕ್ ಮಷಿನ್ ಸೈಟಿನಲ್ಲಿ ಮೊದಲು ಅಲ್ಲಿ ಏನಿತ್ತು ಅಂತಲೂ ನೋಡಿ.

ನನ್ನನ್ನು ಕೇಳಿದರೆ ಮೊದಲಕ್ಷರದ ಹಠವನ್ನೇ ಬಿಡಿ. ಮೊದಲಕ್ಷರ ಹೆಸರು ಮಾಡಿದವರಿಗೆ ಚೆಂದ, ಹೆಸರು ಮಾಡಬೇಕಾದವರಿಗೆ ಹೊರೆ. ‘ಕೆಎಂಎಫ್’ನಲ್ಲಿ ಮಲೆನಾಡಿನ ವಾಸನೆ ಎಲ್ಲಿದೆ? ಉದ್ದ ಆಯಿತು ಅನ್ನುವುದು ನಿಮ್ಮ ತೊಂದರೆ ಆದರೆ ‘ಫುಡ್ಸ್’ ಬಿಡಿ, ಆದರೆ ‘ಕಳಸ’, ‘ಮಲ್ನಾಡ್’ ಎರಡೂ ಜಾಗದ ಹೆಸರು, ಅದನ್ನು ಒಬ್ಬರಿಗೇ ಅಂತ ನೋಂದಣಿ ಕೊಡಲು ರಿಜಿಸ್ಟ್ರಿ ಹಿಂದೇಟು ಹಾಕುತ್ತದೆ. ಅದಕ್ಕಿಂತ ನಿಮ್ಮ ಮನೆಯ ಹೆಸರು, ತೋಟದ ಹೆಸರು, ಅಜ್ಜಿಯ ಹೆಸರು, ಯಾವುದಾದರೂ ಎರಡು ಮೂರು ಅಕ್ಷರದ ಬಾಯಿಗೆ ಬರುವ ಪದ ಹುಡುಕಿ, ಜೊತೆಗೆ ‘ಕಳಸ’ ಸೇರಿಸಿ. ಇಂಗ್ಲಿಷಲ್ಲಿ ಒಂದೇ ಥರ ಬರೆಯಲು ಬರುವಂಥದ್ದು ಇರಲಿ. ಫೋನಲ್ಲಿ ಒಮ್ಮೆ ಹೇಳಿದರೆ ಎದುರಿನವರು ತಪ್ಪಿಲ್ಲದೆ ಟೈಪ್ ಮಾಡುತ್ತಾರಾ ಅಂತ ನಿಮ್ಮ ಅಕ್ಕನ ಮೇಲೋ ಭಾವನ ಮೇಲೋ ಪರೀಕ್ಷೆ ಮಾಡಿ.

ಹೆಸರು ಸಿಕ್ಕಮೇಲೆ ಮೇಲೆ ಹೇಳಿದ ಹುಡುಕಾಟ, ಆಮೇಲೆ ಡಾಟ್ ಇನ್ ಮತ್ತು ಡಾಟ್ ಕಾಮ್ ಎರಡೂ ಒಂದೇ ದಿನ, ಅದೇ ವಾರ ಟ್ರೇಡ್‌ಮಾರ್ಕ್ ಅರ್ಜಿ. ವ್ಯಕ್ತಿಗಳಿಗೆ ಮತ್ತು ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ನಿಮ್ಮ ಉದ್ಯಮ್ ಪ್ರಮಾಣಪತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ, ಇಲ್ಲದಿದ್ದರೆ 9,000. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದಮೇಲೆ ನಾಲ್ಕು ತಿಂಗಳು ಬೇರೆಯವರು ವಿರೋಧಿಸಲು ಸಮಯ. ನೋಂದಣಿ ಆದರೆ 10 ವರ್ಷ, ಮತ್ತೆ ನವೀಕರಿಸಬಹುದು. ಡೊಮೇನ್ ಮಾತ್ರ ನಿಮ್ಮದೇ ಹೆಸರಲ್ಲಿ, ನಿಮ್ಮದೇ ಇಮೇಲಲ್ಲಿ ತೆಗೆದುಕೊಳ್ಳಿ. ವೆಬ್‌ಸೈಟ್ ಮಾಡಿಕೊಡುವ ಹುಡುಗನ ಖಾತೆಯಲ್ಲಿ ಬೇಡ.

ಲೇಬಲ್ ಪ್ರಿಂಟ್ ಮಾಡಿಸಿದ್ದೀರಾ ಅಂತ ನೀವು ಬರೆದಿಲ್ಲ. ಮೂರಕ್ಷರ ಹಾಕಿ ಆರ್ಡರ್ ಕೊಟ್ಟಿದ್ದರೆ ನಾಳೆ ಬೆಳಿಗ್ಗೆ ಪ್ರೆಸ್ ತೆರೆಯುವ ಮೊದಲೇ ಫೋನ್ ಮಾಡಿ ನಿಲ್ಲಿಸಿ.